ನೂರು ಹೆಜ್ಜೆಗೆ ನಲವತ್ತೊಂದು ಹುಲ್ಲು

ಮಹಾಮಹಿಮ ರಘೋತ್ತಮನಿಗೆ,

ನೀನು ತೀರಿಕೊಂಡು ಎಂಟು ತಿಂಗಳಾದ್ದರಿಂದ ಇದಕ್ಕೆ ಅಂಚೆಚೀಟಿ ಹಚ್ಚುತ್ತಿಲ್ಲ. ಇವತ್ತು ಅಂಚೆಟ್ಟಿ ಗುಡ್ಡದ ಗೋಮಾಳದ ಸ್ಥಿತಿಗತಿಯನ್ನು ಒಬ್ಬನೇ ಅಳೆದು ಬಂದೆ. ನಮ್ಮ ಘನ ವಿಜ್ಞಾನ ನಿನಗೆ ಗೊತ್ತಲ್ಲ: ಮುಂದಿನವನು ಹೆಜ್ಜೆ ಹಾಕಿ, ಬೂಟಿನ ತುದಿಗೆ ಸಿಕ್ಕಿದ್ದನ್ನು ಕೂಗಿ ಹೇಳುವುದು, ಹಿಂದಿನವನು ಬರೆದುಕೊಳ್ಳುವುದು. ಇಪ್ಪತ್ತು ಹೆಜ್ಜೆ ಗಂಭೀರವಾಗಿ "ಹುಲ್ಲು! ಕಲ್ಲು! ಲಂಟಾನ!" ಎಂದು ಕೂಗಿದ ಮೇಲೆ, ಬರೆದುಕೊಳ್ಳುವ ಪುಸ್ತಕ ನನ್ನ ಚೀಲದಲ್ಲೇ ಇದೆಯೆಂಬುದು ನೆನಪಾಯಿತು. ಮತ್ತೆ ಮೊದಲಿನಿಂದ ನಡೆದೆ.

ಕುರಿ ಮೇಯಿಸುತ್ತಿದ್ದ ಅಕ್ಕಯಮ್ಮ ನಕ್ಕಳು. "ಯಾರಿಗ್ ಕೂಗ್ತಿದ್ದೀರಾ ಸಾರ್? ಬರ್ಕೊಳ್ಳೋ ಸಾರು ಎಲ್ಲೋದ್ರು?"

"ರಜೆ" ಎಂದೆ.

ನೂರು ಹೆಜ್ಜೆಗೆ ನಲವತ್ತೊಂದು ಸಲ ಹುಲ್ಲು ಸಿಕ್ಕಿತು. ಮೂರು ವರ್ಷದ ಹಿಂದೆ ಸಿಕ್ಕಿದ್ದು ಒಂಬತ್ತೇ ಸಲ. ಆಗ ನೀನು "ಬೇರು ಬದುಕಿದೆ ಕಣೋ, ಕಾಯೋಣ" ಅಂದೆ. ನಾನು ವರದಿಯಲ್ಲಿ "ಬಂಜರು" ಎಂದು ಬರೆದು ಒಬ್ಬನೇ ಸಹಿ ಹಾಕಿದೆ. ಆಮೇಲೆ ನಿನಗೆ ಫೋನು ಮಾಡಲಿಲ್ಲ.

ಹೊರಡುವಾಗ ಅಕ್ಕಯಮ್ಮ, "ಆ ಸಾರು ಸಿಕ್ರೆ ಯೇಳ್ಬುಡಿ, ಹುಲ್ಲು ಬಂದೈತೆ ಅಂತ" ಅಂದಳು.

ಹೇಳ್ತೀನಿ ಎಂದು ಮಾತು ಕೊಟ್ಟು ಬಂದಿದ್ದೇನೆ, ರಘು.