ಕೈಕಟ್ಟಿ ನಿಂತವನಿಗೆ ಮರ್ಯಾದೆ, ಹೊಡೆದವನಿಗೆ ಶಿಕ್ಷೆ

ಅಂಕ ನಿಯಮಗಳ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಂಡಕ್ಕಾಗಿ ತಾನೇ ಔಟಾದವನನ್ನು ನಿಮ್ಮ ಪುಸ್ತಕ ‘ತ್ಯಾಗ ಮಾಡಿದವನು’ ಎಂದು ಹೊಗಳುತ್ತದೆ. ಹೊಗಳಿದ ಕೈಯಿಂದಲೇ ಅವನ ಕತ್ತು ಹಿಸುಕುತ್ತದೆ. ಕಳೆದ ಶನಿವಾರ ಪೆನ್ಸಿಲ್ವೇನಿಯಾದ ನಮ್ಮ ಗಣಿ ಊರಿನ ಬೇಸ್‌ಬಾಲ್ ಮೈದಾನದಲ್ಲಿ ನನ್ನ ಗಂಡ ಸ್ಟಾನ್‌ಗೆ ಆದದ್ದು ಇದೇ.

ಈ ಬೇಸಿಗೆಯಲ್ಲಿ ಅದುವರೆಗೆ ಅವನು ಆಡಿದ ಪ್ರತಿ ಪಂದ್ಯದಲ್ಲೂ ಒಂದಾದರೂ ಹಿಟ್, ಅಂದರೆ ಔಟಾಗದೆ ಬೇಸ್ ತಲುಪಿಸುವ ಹೊಡೆತ, ಹೊಡೆದಿದ್ದ. ಇನ್ನೊಂದೇ ಒಂದು ಪಂದ್ಯದಲ್ಲಿ ಹೊಡೆದಿದ್ದರೆ ಅವನ ಅಪ್ಪನ ದಾಖಲೆಗೆ ಸಮನಾಗುತ್ತಿದ್ದ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಮಾವನವರೂ ಹೋದರು; ಮೈದಾನದ ಬೇಲಿಯ ಮೇಲೆ ಅವರ ಹೆಸರು ಮಾತ್ರ ಇನ್ನೂ ಇದೆ. ಅದರ ಕೆಳಗೆ ತನ್ನ ಹೆಸರನ್ನೂ ಬರೆಸಬೇಕೆಂಬುದು ಸ್ಟಾನ್‌ನ ಚಿಕ್ಕಂದಿನ ಆಸೆ. ಈಗ ಅವನಿಗೆ ನಲವತ್ತೊಂದು, ಭುಜ ಸವೆದಿದೆ, ಮುಂದಿನ ವರ್ಷ ಆಟ ಬೇಡವೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

ಹಿಟ್‌ಗಳ ಸರಪಳಿ ನಡೆಯುತ್ತಿರುವಾಗ ಯಾರೂ ಅದರ ಮಾತೆತ್ತಬಾರದು, ಆಟಗಾರನ ಕಾಲುಚೀಲ ಒಗೆಯಬಾರದು. ಇದು ನಮ್ಮಲ್ಲಿನ ಪದ್ಧತಿ. ಸ್ಟಾನ್‌ನ ಕಾಲುಚೀಲಗಳು ಜೂನ್‌ನಿಂದ ನಮ್ಮ ಹಿತ್ತಿಲ ಹಗ್ಗದ ಮೇಲಿದ್ದವು. ಪಂದ್ಯದ ದಿನ ನಾನು ಮೂಗು ಮುಚ್ಚಿಕೊಂಡು, ಇಕ್ಕಳದಲ್ಲಿ ಹಿಡಿದು ಅವನ ಚೀಲಕ್ಕೆ ಹಾಕುತ್ತಿದ್ದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ಮೂಢನಂಬಿಕೆ ಎನ್ನುತ್ತೀರಾ? ನಿಮ್ಮ ನಿಯಮ ಓದಿದ ಮೇಲೆ ನನಗೆ ನಮ್ಮ ಕಾಲುಚೀಲಗಳೇ ಹೆಚ್ಚು ವಿವೇಕವುಳ್ಳವು ಎನಿಸಿದೆ.

ಶನಿವಾರ ಎದುರಾಳಿಯ ಎಸೆತಗಾರ ಹೆದರಿ, ಮೊದಲ ಮೂರು ಸಲವೂ ಸ್ಟಾನ್‌ಗೆ ಬೇಕೆಂದೇ ಕೆಟ್ಟ ಎಸೆತ ಹಾಕಿ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಕಳಿಸಿದ. ಕೊನೆಯ ಇನ್ನಿಂಗ್ಸ್, ಅಂಕ ಸಮಸಮ, ಒಬ್ಬ ಔಟು, ಮೂರನೇ ಬೇಸಿನಲ್ಲಿ ನಮ್ಮ ಹ್ಯಾಂಕ್. ಸ್ಟಾನ್ ಎತ್ತರಕ್ಕೆ ಬಾರಿಸಿದ. ಚೆಂಡು ಬೇಲಿಯ ಹತ್ತಿರ ಕ್ಯಾಚಾಗಿ ಅವನು ಔಟಾದ, ಆದರೆ ಅದು ಅಲ್ಲಿಂದ ವಾಪಸು ಬರುವಷ್ಟರಲ್ಲಿ ಹ್ಯಾಂಕ್ ಕುಂಟುತ್ತಾ ಓಡಿ ರನ್ ತಂದ. ಗೆದ್ದೆವು. ಸ್ಟಾನ್‌ನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದಾಗ ಅಂಕ ಬರೆಯುವ ಎಡ್ನಾ ಟೀಚರ್ ನಿಮ್ಮ ಪುಸ್ತಕ ಹಿಡಿದು ಕೆಳಗಿಳಿದು ಬಂದರು. “ಸರಪಳಿ ಮುಗೀತಪ್ಪ ಸ್ಟಾನ್. ನಾನೇನ್ ಮಾಡ್ಲಿ, ಇದ್ರಲ್ಲಿ ಹಾಗೇ ಬರ್ದಿದಾರೆ,” ಎಂದು ಕಣ್ಣೊರೆಸಿಕೊಂಡರು.

ಏನು ಬರೆದಿದ್ದೀರಿ ಸ್ವಾಮಿ? ದಿನವಿಡೀ ಬ್ಯಾಟನ್ನು ಹೆಗಲಿಗೇರಿಸಿ ನಿಂತು ಪುಕ್ಕಟೆ ಬೇಸು ಪಡೆದರೆ ಸರಪಳಿ ಭದ್ರ. ಚೆಂಡಿಗೆ ಪಕ್ಕೆಲುಬು ಒಡ್ಡಿದರೂ ಭದ್ರ. ಬ್ಯಾಟು ಅಡ್ಡ ಹಿಡಿದು, ಚೆಂಡನ್ನು ಮೆಲ್ಲಗೆ ನೆಲಕ್ಕೆ ತಟ್ಟಿ, ಜೊತೆಗಾರನನ್ನು ಮುಂದೆ ಕಳಿಸಿ ತಾನು ಔಟಾದರೆ ಅದು ತ್ಯಾಗ, ಸರಪಳಿ ಭದ್ರ. ಅದೇ ತ್ಯಾಗವನ್ನು ಮೈಮುರಿದು, ಆಕಾಶಕ್ಕೆ ಬಾರಿಸಿ ಮಾಡಿದರೆ ಸರಪಳಿ ತುಂಡು! ಇನ್ನೂ ಚೆಂದ ಕೇಳಿ. ಸರಾಸರಿ ಲೆಕ್ಕ ಹಾಕುವಾಗ ಆ ಹೊಡೆತವನ್ನು ನೀವೇ ಬಿಟ್ಟುಬಿಡುತ್ತೀರಿ. ಅಂದರೆ ಒಂದು ಪುಟದಲ್ಲಿ ಅವನು ಆಡಲೇ ಇಲ್ಲ, ಇನ್ನೊಂದು ಪುಟದಲ್ಲಿ ಆಡಿ ಸೋತ. ಈ ಎರಡು ಪುಟಗಳನ್ನು ಬರೆದ ಮಹನೀಯರು ಪರಸ್ಪರ ಮಾತು ಬಿಟ್ಟಿದ್ದರೇ?

ಆ ಸಂಜೆ ಪಿರೋಗಿ ಕಡುಬಿನ ತಟ್ಟೆ ಅವನ ಮುಂದಿಟ್ಟು, ಈ ನಿಯಮ ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

“ಮತ್ತೆ ಸುಮ್ನೆ ತಟ್ಟೋಕೆ ಏನಾಗಿತ್ತು ನಿಂಗೆ?”

“ಮೂರನೇ ಬೇಸಲ್ಲಿ ಹ್ಯಾಂಕ್ ಇದ್ದ ಕಣೇ ವಿಲ್ಮಾ. ಅವನ ಮೊಣಕಾಲು ನೋಡಿದೀಯಲ್ಲ. ನಾನು ತಟ್ಟಿದ್ರೆ ಅವನು ಅರ್ಧ ದಾರೀಲೇ ಔಟಾಗ್ತಿದ್ದ. ಪಾಪ, ಎಲ್ರೂ ಅವನನ್ನೇ ಬೈತಿದ್ರು.”

ಅಷ್ಟು ಹೇಳಿ ತಿನ್ನತೊಡಗಿದ. ನಾನು ಬಚ್ಚಲಿಗೆ ಹೋಗಿ ಅತ್ತೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ತಟ್ಟಿದ ತ್ಯಾಗದ ಪಕ್ಕದಲ್ಲಿ ಬಾರಿಸಿದ ತ್ಯಾಗವನ್ನೂ ಸೇರಿಸಿ, ಶನಿವಾರದ ಪಂದ್ಯಕ್ಕೂ ಅನ್ವಯಿಸಿ. ಅಲ್ಲಿಯವರೆಗೆ ಕಾಲುಚೀಲ ಒಗೆಯುವುದಿಲ್ಲ, ತಡಮಾಡಿದರೆ ಅವನ್ನೇ ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತೇನೆ ಎಂದು ಬೆದರಿಸುವವಳಿದ್ದೆ. ಆದರೆ ಈಗಷ್ಟೇ ಕಿಟಕಿಯಿಂದ ನೋಡಿದೆ. ಸ್ಟಾನ್ ಹಿತ್ತಿಲಲ್ಲಿ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನನಗೆ ಹೇಳದೆ, ತಾನೇ ಅವನ್ನು ಒಗೆಯುತ್ತಿದ್ದಾನೆ.

ನಿಯಮ ತಿದ್ದಿ, ಮಾನ್ಯರೇ. ಇನ್ನೂ ಎರಡು ವಾರದ ಆಟ ಬಾಕಿ ಇದೆ. ಕಾಲುಚೀಲಗಳನ್ನು ಮತ್ತೆ ಕೊಳೆ ಮಾಡಿಕೊಳ್ಳುವುದು ನಮಗೆ ಬಿಡಿ.

ಇಂತಿ,
ಇಕ್ಕಳವನ್ನು ಇನ್ನೂ ಎತ್ತಿಡದ,
ವಿಲ್ಮಾ ಕ್ರಾವ್ಚಕ್