ಕದಲದ ಇಪ್ಪತ್ತೆಂಟು ಡಿಗ್ರಿ

೧೦ ಜನವರಿ ೨೦೨೨, ಸೋಮವಾರ

ಎಷ್ಟು ಸೋಪು ಹಾಕಿದರೂ ಕೈಯಿಂದ ಕೊಳೆತ ರೇಷ್ಮೆಹುಳದ ನಾತ ಹೋಗ್ತಿಲ್ಲ.

ಬೆಳೆದ ಹುಳಕ್ಕೆ ಶಾಖ ಕಡಿಮೆ ಬೇಕು. ಅಕ್ಕೂರಿನ ಸರಸಮ್ಮ ನಮ್ಮ ಕಂಪನಿಯ ಹೀಟರಿನಲ್ಲಿ ಇಪ್ಪತ್ನಾಲ್ಕು ಅಂತಲೇ ಒತ್ತಿದ್ದರು, ಪರದೆಯೂ ಅದನ್ನೇ ತೋರಿಸುತ್ತಿತ್ತು. ಒಳಗೆ ಕಾಯುತ್ತಿದ್ದದ್ದು ಮಾತ್ರ ಮರಿಹುಳಕ್ಕೆ ಬೇಕಾದ ಇಪ್ಪತ್ತೆಂಟು. ಹುಳವೆಲ್ಲ ಸತ್ತವು.

ನಮ್ಮ ಓನರ್ ಕರಿಯಪ್ಪ ಅದನ್ನು ಕೋಡಿನಲ್ಲಿ ಕಾನ್‌ಸ್ಟಂಟ್ ಮಾಡಿದ್ದ. ಕಂಪೈಲ್ ಆಗುವಾಗಲೇ ಅಚ್ಚೊತ್ತಿದ ಸಂಖ್ಯೆ, ಆಮೇಲೆ ಯಾರು ಏನು ಒತ್ತಿದರೂ ಕದಲಲ್ಲ. ಬದಲಾಯಿಸಬಹುದಾದ ಪ್ರಾಪರ್ಟಿ ಮಾಡಿ, ಒತ್ತಿದ ಸಂಖ್ಯೆಯನ್ನು ಪ್ರೋಗ್ರಾಂ ಓಡುವಾಗ ಓದಿಕೊಳ್ಳಲಿ ಅಂತ ಬಾಯಿ ಬಡ್ಕೊಂಡಿದ್ದೆ.

"ಹುಳಕ್ಕೆ ಸಪ್ಪೆರೋಗ ಬಂದೈತೆ ಕಣಮ್ಮ, ನಮ್ ಮಿಷನ್ ಸರಿಯಾಗೇ ಐತೆ" ಅಂದ ಸರಸಮ್ಮನಿಗೆ, ಅವರ ಮನೆ ಕಾಫಿ ಹೀರುತ್ತಲೇ. ಥೂ!

ಸರಸಮ್ಮ ಸೊಸೆಯ ಕಡೆ ತಿರುಗಿದರು. "ಸಾವಿನ ಮನೆಯಿಂದ ಬಂದೋಳು ಮೀಯದೆ ಹುಳದ ಮನೆಗೆ ನುಗ್ಗಿದ್ಯಲ್ಲೇ!"

ಅವಳು ತಲೆ ತಗ್ಗಿಸಿದಳು. ಕರಿಯಪ್ಪ ಇನ್ನೊಂದು ಲೋಟ ಕೇಳಿದ. ತಂದುಕೊಟ್ಟವಳೂ ಅವಳೇ. ನನಗೂ ಕೊಟ್ಟಳು. ಕುಡಿದೆ.