ಗ್ರೆಗರಿ ಮಾಮನ ಕಪ್ಪು ಕಾಡು

ಪ್ರೀತಿಯ ಗ್ರೆಗರಿ ಮಾಮ,

ಕೇಳಿಸಿಕೊಳ್ಳಿ! ಕಾಪುವಿನ ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ ನಿಮ್ಮ ಮೇಲೆ ಎಷ್ಟೇ ಮಣ್ಣು ಬಿದ್ದಿರಲಿ, ನನ್ನ ಗಂಟಲು ಎಂಥದೆಂದು ನಿಮಗೆ ಗೊತ್ತುಂಟಲ್ಲ? ಮೈಕು ಕೈಕೊಟ್ಟ ದಿನ ಮೈದಾನದಾಚೆ ಕಡಲೆ ಹುರಿಯುವವನಿಗೂ ಮಾತು ಮುಟ್ಟಿಸಿದ ಗಂಟಲು ಅದು. ಇವತ್ತು ಅದಕ್ಕೆ ದೊಡ್ಡ ಕೆಲಸವಿದೆ. ನಿಮ್ಮ ಗಡಿಯ ಪರದೆ ಕಾರ್ಕಳದಲ್ಲಿ ಗೋಡೆ ಏರಿತು ಮಾಮ! ಆದರೆ ನೀವು ಬರೆದ ಹಾಗೆಯೇ ಅಲ್ಲ. ಅದಕ್ಕೆ ಕಾರಣ ನಾನು. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿರಿ.

ಆ ಪರದೆ ಬರೆದ ಮಧ್ಯಾಹ್ನ ನಿಮಗೆ ನೆನಪುಂಟಾ? ಅಲೆವೂರಿನ ನಮ್ಮ ಮನೆಯ ಅಂಗಳದ ಉದ್ದಕ್ಕೂ ಬಟ್ಟೆ ಹಾಸಿ, ಅಂಟು ಕಾಸಿ, ಬಣ್ಣದ ಪುಡಿ ಕಲಸಿಕೊಂಡು ಕುಕ್ಕುರುಗಾಲಿನಲ್ಲಿ ಕುಳಿತಿದ್ದಿರಿ. ನಮ್ಮ ನಾಟಕ ತಂಡಕ್ಕೆ ಗಡಿಯ ದೃಶ್ಯ ಬೇಕಿತ್ತು. ಈಚೆ ನಮ್ಮ ಕರಾವಳಿ, ಆಚೆ ಘಟ್ಟ, ನಡುವೆ ಘಟ್ಟದ ಕಳ್ಳರನ್ನು ತಡೆಯುವ ಹೆಬ್ಬಾಗಿಲು. ನೀವೋ, ಬಸ್ಸು ಹತ್ತಿದರೆ ತಲೆ ಸುತ್ತುವ ಮನುಷ್ಯ. ಕಾರ್ಕಳ ದಾಟಿದವರೇ ಅಲ್ಲ. ಹಾಗಾಗಿ ಕಾಪು ಬೀಚಿನ ಬಂಡೆಯನ್ನೇ ತಂದು ಘಟ್ಟ ಮಾಡಿದಿರಿ. ಅದರ ತಲೆಯ ಮೇಲಿನ ದೀಪಸ್ತಂಭವನ್ನು ಅಳಿಸಿ ಕಲ್ಲಿನ ಬಾಗಿಲು ಕೂರಿಸಿದಿರಿ. ಎಡಗಡೆ ನಮ್ಮ ಗದ್ದೆಗಳಿಗೆ ಕೈತುಂಬ ಹಸಿರು ಸುರಿದಿರಿ. ಬಲಗಡೆಯ ಕಾಡಿಗೆ ಬರುವಾಗ ಹಸಿರಿನ ಬಟ್ಟಲು ಒರೆಸಿಟ್ಟ ಹಾಗೆ ಖಾಲಿ. ಉಳಿದಿದ್ದದ್ದು ರಾತ್ರಿಯ ದೃಶ್ಯಕ್ಕೆಂದು ಕಲಸಿಟ್ಟ ಕಪ್ಪು ಮಾತ್ರ.

“ಹಸಿರು ಮುಗಿಯಿತು ಮಾರಾಯ,” ಎಂದಿರಿ ನೀವು. “ಆಚೆ ಕಪ್ಪೇ ಇರಲಿ. ಅಲ್ಲಿಗೆ ಹೋಗಿ ನೋಡುವವರು ಯಾರುಂಟು?”

ಉಚ್ಚಿಲದ ಮೈದಾನದಲ್ಲಿ ಮೊದಲ ಪ್ರದರ್ಶನ. ಪರದೆ ಬಿಚ್ಚಿಕೊಂಡಾಗ ಜನ ಉಸಿರು ಹಿಡಿದದ್ದು ನನಗೆ ರಂಗದ ಮೇಲೆ ಕೇಳಿಸಿತು. ನಾನು ಕಳ್ಳರ ನಾಯಕ. ಅಂಟು ಮೀಸೆ, ಕರಿ ಕಂಬಳಿ. ಆ ಕಪ್ಪು ಕಾಡಿನ ಮುಂದೆ ನಿಂತು ಘಟ್ಟದವರ ಮಾತನ್ನು ಅಣಕಿಸುತ್ತ ಗರ್ಜಿಸಿದೆ. ಶಿಳ್ಳೆ ಬಿತ್ತು. ಆ ಹುಮ್ಮಸ್ಸಿನಲ್ಲಿ ಕೊನೆಗೆ ಮೈಕು ಹಿಡಿದು ಇನ್ನೊಂದು ಬಾಣ ಬಿಟ್ಟೆ. ಈ ಪರದೆಯ ಚಿತ್ರಕಾರರು ಮೂರು ಹಗಲು ಮೂರು ರಾತ್ರಿ ಘಟ್ಟದಲ್ಲಿ ಕುಳಿತು, ಕಣ್ಣಾರೆ ಕಂಡು ಬರೆದದ್ದು ಎಂದೆ. ಚಪ್ಪಾಳೆಯೋ ಚಪ್ಪಾಳೆ! ಪಕ್ಕದ ಪರದೆಯ ಮರೆಯಲ್ಲಿ ನಿಮ್ಮ ಬಾಯಿಂದ ಬೀಡಿ ಜಾರಿತು. ಆಮೇಲೆ, “ನಾನು ಯಾವಾಗ ಘಟ್ಟಕ್ಕೆ ಹೋದೆನೋ?” ಎಂದು ಕೇಳಿದಿರಿ. ನಾನು ನಕ್ಕುಬಿಟ್ಟೆ. ಮತ್ತೆ ಪ್ರತಿ ಊರಿನಲ್ಲೂ ಅದನ್ನೇ ಹೇಳಿದೆ. ಒಂದೊಂದು ಊರಿಗೂ ಒಂದೊಂದು ರಾತ್ರಿ ಹೆಚ್ಚಿಸಿ.

ಒಮ್ಮೆ ಉಡುಪಿಯ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ಬೆರಗಾಗಿ ನಿಂತದ್ದು ಮರೆತಿಲ್ಲ ತಾನೆ? ಒಂದು ಬಸ್ಸಿನ ಹಿಂಭಾಗದಲ್ಲಿ ನಿಮ್ಮ ಬಾಗಿಲು! ನಮ್ಮ ನಾಟಕದ ನೋಟೀಸಿನಲ್ಲಿದ್ದ ಚಿತ್ರ ನೋಡಿ ಯಾರೋ ಪೇಂಟರು ಬರೆದದ್ದು. ಅವನು ಕಪ್ಪು ಕಾಡಿನೊಳಗೆ ಎರಡು ಕೆಂಪು ಕಣ್ಣು ಸೇರಿಸಿದ್ದ. ಆ ಬಸ್ಸು ನೋಡಿದ ಹೋಟೆಲಿನವನೊಬ್ಬ ಗೋಡೆಯ ಮೇಲೆ ಬರೆಸುವಾಗ ಆ ಕಣ್ಣಿನವನ ಕೈಗೆ ಕತ್ತಿ ಬಂತು. ಮೆರವಣಿಗೆಯ ಟ್ಯಾಬ್ಲೋಗೆ ಬರುವಾಗ ತಲೆಬುರುಡೆಗಳ ಮಾಲೆ! ಕಾರ್ಕಳದಲ್ಲಿ ಒಬ್ಬ ಹಿರಿಯರು ತಮ್ಮ ಅಜ್ಜ ಅದೇ ಬಾಗಿಲು ದಾಟಿ ಬಂದವರೆಂದು ನನ್ನ ಹತ್ತಿರವೇ ಆಣೆ ಹಾಕಿದರು. ನಾನು ಹೌದು ಹೌದೆಂದು ತಲೆದೂಗಿದೆ. ಕಲಾವಿದನಿಗೆ ಇದಕ್ಕಿಂತ ಗೆಲುವು ಬೇಕೇ ಎಂದುಕೊಂಡಿದ್ದೆ…

ಮಣಿಪಾಲದ ಆಸ್ಪತ್ರೆಯ ಕಿಟಕಿಯಲ್ಲಿ ನೀವು ಪೂರ್ವಕ್ಕೆ ಕೈ ತೋರಿಸಿದ ಬೆಳಿಗ್ಗೆ ಮಾತ್ರ ಗೆಲುವಿನದಲ್ಲ. ಕಾರು ಮಾಡಿ ಒಮ್ಮೆ ಮೇಲೆ ಕರೆದುಕೊಂಡು ಹೋಗು, ಅಲ್ಲಿ ಯಾವ ಬಣ್ಣ ಉಂಟೆಂದು ನೋಡಬೇಕು ಎಂದಿರಿ. ನಾಟಕದ ಸೀಸನ್ ಮುಗಿಯಲಿ ಮಾಮ ಎಂದೆ. ಸೀಸನ್ ಮುಗಿಯಿತು. ಅಷ್ಟರಲ್ಲಿ ನೀವು…

ಹೋದ ತಿಂಗಳು ಕಾರ್ಕಳದ ಒಂದು ಶಾಲೆಯಿಂದ ಕರೆ ಬಂತು. ಕಂಪೌಂಡ್ ಗೋಡೆಯ ಮೇಲೆ ‘ನಮ್ಮ ಗಡಿಯ ಇತಿಹಾಸ’ ಎಂದು ನಿಮ್ಮ ಪರದೆಯನ್ನೇ ಬರೆಸುತ್ತಾರಂತೆ, ಕೆಳಗೆ ನಿಮ್ಮ ಹೆಸರು! ಪರದೆಯ ಸುರುಳಿ ರಿಕ್ಷಾಕ್ಕೆ ಹೇರಿಕೊಂಡು ಓಡಿದೆ. ಗೋಡೆಯ ಮುಂದೆ ಬಣ್ಣದ ಡಬ್ಬಿಗಳ ನಡುವೆ ರೇಣುಕಾ ಎಂಬ ಹುಡುಗಿ ನಿಂತಿದ್ದಳು. ಬಾಗಲಕೋಟೆ ಕಡೆಯವಳು. ಅವಳ ತಾಯಿ ಮಣಿಪಾಲದ ಕಟ್ಟಡಗಳಿಗೆ ಕಾಂಕ್ರೀಟ್ ಹೊರುವವರು. ಮಗಳು ಇಲ್ಲೇ ಓದಿ, ಚಿತ್ರ ಕಲಿತು, ಈ ಗೋಡೆಯ ಕೆಲಸ ಹಿಡಿದಿದ್ದಳು. ನೋಟೀಸು ನೋಡಿ ಬರೆದ ಬಾಗಿಲು ಮುಗಿದಿತ್ತು. ಬಲಗಡೆ ಖಾಲಿ. ಅಲ್ಲಿ ಕಪ್ಪು ಕಾಡು, ನಾಟಕದಲ್ಲಿದ್ದ ಹಾಗೆ ಕಂಬಳಿ ಹೊದ್ದ ಆರು ಕಳ್ಳರು ಬರಬೇಕೆಂದು ಶಾಲಾ ಸಮಿತಿಯ ಅಧ್ಯಕ್ಷರಾದ ನಿವೃತ್ತ ಮಾಸ್ಟ್ರು ಪಟ್ಟು ಹಿಡಿದಿದ್ದರು. ಅವಳು ಕುಂಚ ಎತ್ತಿರಲಿಲ್ಲ.

“ಇದು ಕಲ್ಪನೆ ಅಲ್ಲಮ್ಮ, ಹೋಗಿ ನೋಡಿ ಬರೆದದ್ದು,” ಎಂದರು ಮಾಸ್ಟ್ರು. “ಇಗೊಳ್ಳಿ, ಸಾಕ್ಷಿ ಬಂದರು. ಇವರನ್ನೇ ಕೇಳಿ.”

ಅವಳು ನನ್ನ ಕಡೆ ತಿರುಗಿದಳು. “ಸರ್, ನಾ ಸಾಲಿ ಕಲಿಯುವಾಗ ನಿಮ್ಮ ನಾಟಕ ಬಂದಿತ್ರಿ. ಮರುದಿನದಿಂದ ಎಲ್ಲಾರೂ ನನಗ ಕಂಬಳಿ ಕಳ್ಳಿ ಅಂತ ಕರದ್ರು. ಆ ಅಜ್ಜಾರು ಖರೇನ ನೋಡಿ ಬರದಿದ್ರ ಹೇಳ್ರಿ, ನಾನೂ ಬರೀತೀನಿ. ಇಲ್ಲಂದ್ರ ನಮ್ಮ ಮಂದೀನ ಕಳ್ಳರು ಅಂತ ನನ್ನ ಕೈಲೇ ಬರಸಬ್ಯಾಡ್ರಿ.”

ಮಾಮ, ಸಮಿತಿಯ ಏಳು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸತ್ಯ ಹೇಳಿದರೆ ಪರದೆ ಸುರುಳಿ ಸುತ್ತಿ ಮನೆಗೆ. ನಿಮ್ಮ ಹೆಸರು ಗೋಡೆಗೆ ಬರುವ ಏಕೈಕ ಅವಕಾಶ ನನ್ನ ಬಾಯಿಂದಲೇ ಹಾಳು. ಹೇಳದಿದ್ದರೆ? ಈ ಹುಡುಗಿ ತನ್ನ ಕೈಯಾರೆ… ಹೇಳಿಬಿಟ್ಟೆ. ಗಂಟಲು ಬಿಟ್ಟು ಹೇಳಿದೆ. ನೀವು ಘಟ್ಟ ನೋಡಿದವರಲ್ಲ, ಆ ಬಂಡೆ ಕಾಪುವಿನದ್ದು, ಕಾಡು ಕಪ್ಪಾದದ್ದು ಹಸಿರು ಮುಗಿದದ್ದರಿಂದ, ಮೂರು ರಾತ್ರಿಯ ಕಥೆ ಕಟ್ಟಿದವನು ನಾನು, ನೀವಲ್ಲ.

ಅಜ್ಜ ಬಾಗಿಲು ದಾಟಿದರೆಂದು ಆಣೆ ಹಾಕಿದ್ದ ಆ ಹಿರಿಯರೂ ಸಮಿತಿಯಲ್ಲಿದ್ದರು. “ಹಾಗಾದರೆ ನನ್ನ ಅಜ್ಜ ದಾಟಿದ ಬಾಗಿಲು ಎಂತದ್ದು ಮಾರಾಯ್ರೆ?” ಎಂದು ಕೇಳಿದರು.

“ಕಾಪು ಬೀಚಿನದ್ದು,” ಎಂದೆ.

ಎಲ್ಲರೂ ನಕ್ಕರು, ಮಾಸ್ಟ್ರು ನಗಲಿಲ್ಲ. ಇಷ್ಟು ವರ್ಷ ನಮ್ಮನ್ನು ಮಂಗ ಮಾಡಿದ್ದಾ ನೀವು ಎಂದು ಕೇಳಿದರು. ಹೌದೆಂದೆ. ಮಕ್ಕಳಿಗೆ ಇದನ್ನೇ ಪಾಠ ಮಾಡಿದೆನಲ್ಲ ಎಂದು ಅವರು ಕುರ್ಚಿ ಎಳೆದು ಗೋಡೆಗೆ ಬೆನ್ನು ಹಾಕಿ ಕುಳಿತರು. ಚಹಾ ಬಂತು, ತಣ್ಣಗಾಯಿತು. ಕೊನೆಗೆ ಎದ್ದು, ‘ಇತಿಹಾಸ’ ಎಂಬ ಮಾತು ಅಳಿಸಿ ಎಂದರು. ನಾನು ಪರದೆಯ ಸುರುಳಿ ಕಟ್ಟತೊಡಗಿದೆ. ಆಮೇಲೆ ಇಷ್ಟು ಸೇರಿಸಿದರು: ‘ಗ್ರೆಗರಿಯವರ ನಾಟಕದ ಪರದೆಯಿಂದ’ ಎಂದು ಬರೆಯಿರಿ, ಬಲಗಡೆಯದ್ದು ಈ ಹುಡುಗಿಗೆ ಗೊತ್ತಿದ್ದ ಹಾಗೆ ಬರೆಯಲಿ. ನಿಮ್ಮ ಹೆಸರು ಉಳಿಯಿತು ಮಾಮ! ಸತ್ಯ ಹೇಳಿದ ಮೇಲೂ ಉಳಿಯಿತು!

ನಿನ್ನೆ ಗೋಡೆ ಮಕ್ಕಳಿಗೆ ತೆರೆದರು. ಬಾಗಿಲು ನಿಮ್ಮದೇ. ಅದರಾಚೆ ಉದ್ದಾನುದ್ದ ಜೋಳದ ಹೊಲ. ಹೊಲದ ದಾರಿಯಲ್ಲಿ ತಲೆಯ ಮೇಲೆ ಗಂಟು ಹೊತ್ತು ಬಾಗಿಲಿನತ್ತ ನಡೆದು ಬರುವ ಒಬ್ಬ ಹೆಂಗಸು. ಮಕ್ಕಳು ನನ್ನನ್ನು ಸುತ್ತುಗಟ್ಟಿ, ಅವಳು ರಾಣಿಯಾ, ವೇಷ ಮರೆಸಿಕೊಂಡು ಬಂದದ್ದಾ ಎಂದು ಶುರುಮಾಡಿದರು. ನನ್ನ ನಾಲಗೆ ತುದಿಗೆ ಒಂದು ಇಡೀ ನಾಟಕ ಬಂದು ನಿಂತಿತ್ತು ಮಾಮ, ನಿಮ್ಮಾಣೆ! ನುಂಗಿಕೊಂಡು ರೇಣುಕಾಳತ್ತ ಕೈ ತೋರಿಸಿದೆ.

“ಆಕಿ ನಮ್ಮವ್ವ,” ಎಂದಳು ಅವಳು. “ಅಗಾ, ನಳದ ಹಂತ್ಯಾಕ ನಿಂತಾಳ ನೋಡ್ರಿ.”

ಮಕ್ಕಳು ಓಡಿ ಆಕೆಯನ್ನು ಮುತ್ತಿದರು. ಘಟ್ಟ ಇಳಿಯುವಾಗ ಹೆದರಿಕೆ ಆಗಲಿಲ್ಲವಾ ಎಂದು ಒಬ್ಬಳು ಕೇಳಿದಳು. ಸೆರಗು ಬಾಯಿಗೆ ಒತ್ತಿಕೊಂಡು ಆ ತಾಯಿ ಮೆಟ್ಟಿಲ ಮೇಲೆ ಕುಳಿತರು.

“ಯಾಕ ಆಗ್ಲಿಲ್ಲವ್ವ? ಭಾಳ ಅಂಜಿಕಿ ಬಂದಿತ್ತು. ನಮ್ಮೂರ ನಾಟಕದ ಪರದೆದಾಗ ನಿಮ್ಮ ಕಡೆದವರನ್ನ ಬರದಿದ್ರಲ್ಲ! ಮೈತುಂಬ ಹಾವು ಸುತ್ತಿಕೊಂಡು, ಮಂದೀಗ ಮಾಟ ಮಾಡೋ ಹಂಗ.”

ಮಾಸ್ಟ್ರೇ ಮೊದಲು ನಕ್ಕರು. ನಾನು ನಗುವುದಿರಲಿ, ರೋಮಾಂಚನದಿಂದ ನಿಂತಲ್ಲೇ ಕುಣಿದೆ! ನಮ್ಮನ್ನು ಎಂದೂ ಕಾಣದೆ ನಮ್ಮನ್ನು ಬರೆದ ಒಬ್ಬ ಚಿತ್ರಕಾರ ಅಲ್ಲಿಯೂ ಇದ್ದ. ಆ ಪರದೆ ಈಗಲೂ ಅವರ ಊರಿನ ಗುಡಿಯ ಅಟ್ಟದ ಮೇಲೆ ಉಂಟಂತೆ. ನವರಾತ್ರಿ ಕಳೆದ ಮೇಲೆ ತಾಯಿ, ಮಗಳು, ನಾನು ಹೊರಡುತ್ತೇವೆ. ಮಾಸ್ಟ್ರೂ ಬರುತ್ತಾರಂತೆ. ಆ ಊರಿನವರ ನಡುವೆ ಪರದೆ ಬಿಡಿಸಿಟ್ಟು, ಚಿತ್ರದಲ್ಲಿ ಮೈಗೆ ಹಾವು ಸುತ್ತಿಕೊಂಡ ನನ್ನ ಪಕ್ಕದಲ್ಲಿ ನಾನೇ ನಿಂತು, ಎಲ್ಲಿ, ಈಗ ಹೇಳಿ, ಯಾವುದು ಹೋಲುತ್ತದೆ ಎಂದು ಕೇಳುತ್ತೇನೆ.

ನಿಮ್ಮ
ಸದಾನಂದ